ಓದುಗರ ಪ್ರಶ್ನೆ: ಕೊಡಗಿನಿಂದ ವಿದೇಶ ವರದಿಗೆ ದಾರಿ ಯಾವುದು?

ಎರಡು ಸಂಚಿಕೆ ಹಿಂದೆ ಯಾವುದೋ ಮಾತಿಗೆ, ನಾನು ಪತ್ರಿಕೆಯೊಂದರ ವಿದೇಶ ಡೆಸ್ಕಿನಲ್ಲಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದವನು ಅಂತ ಇಲ್ಲಿ ಬರೆದಿದ್ದೆ. ಅದನ್ನೇ ಹಿಡಿದುಕೊಂಡು ಜಿಲ್ಲೆಯ ಎಲ್ಲ ಕಡೆಯಿಂದ ಪ್ರಶ್ನೆಗಳು ಬಂದಿವೆ. ಹಾಗಾಗಿ ಈ ಸಲ ಕಾಫಿಯ ಬೆರ್ರಿ ಬೋರರ್ ಹುಳು, ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಖಾತೆ, ಆನೆ ಕಾಟ ಎಲ್ಲ ಬದಿಗಿರಲಿ. ಇದೊಂದೇ ವಿಷಯ.

ವಿರಾಜಪೇಟೆಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಇತಿಹಾಸ, ರಾಜ್ಯಶಾಸ್ತ್ರ ನನ್ನ ವಿಷಯ. ವಿದೇಶಾಂಗ ವರದಿಗಾರ್ತಿ ಆಗಬೇಕು ಅಂತ ಆಸೆ. ಮುಂದೆ ಏನು ಓದಲಿ? ದೆಹಲಿಗೆ ಹೋಗಲೇಬೇಕಾ? ಕನ್ನಡ ಪತ್ರಿಕೆಗಳಲ್ಲಿ ಆ ಕೆಲಸ ಇದೆಯಾ ಸರ್? — ವಿದ್ಯಾರ್ಥಿನಿ, ವಿರಾಜಪೇಟೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟುಕೊಂಡು ಮಿಕ್ಕಿದ್ದು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ವಿದೇಶಾಂಗ ವರದಿ ಒಂದನ್ನೇ ಮಾಡುವ ಹುದ್ದೆ ಕನ್ನಡ ಪತ್ರಿಕೆಗಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವಿದೇಶ ಪುಟ ತುಂಬುವುದು ಪಿಟಿಐ, ರಾಯಿಟರ್ಸ್, ಎಎಫ್‌ಪಿ, ಎಪಿ ಸಂಸ್ಥೆಗಳ ಸುದ್ದಿಯಿಂದ. ಡೆಸ್ಕಿನಲ್ಲಿ ಕೂತವರು ಅದನ್ನು ಕನ್ನಡಕ್ಕೆ ತರುತ್ತಾರೆ, ಅಷ್ಟೇ. ದೆಹಲಿ ಬ್ಯೂರೋದಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಸಂಸತ್ತು, ಸುಪ್ರೀಂ ಕೋರ್ಟಿನಲ್ಲಿ ಕಾವೇರಿ ಮತ್ತು ಮಹದಾಯಿ, ನಮ್ಮ ಸಂಸದರ ಓಡಾಟ, ಎಲ್ಲವನ್ನೂ ಅವರೇ ನೋಡಬೇಕು. ಇದರ ನಡುವೆ ವಿದೇಶಾಂಗ ಸಚಿವಾಲಯದ ವಾರದ ಬ್ರೀಫಿಂಗಿಗೆ ಪುರುಸೊತ್ತು ಸಿಕ್ಕಿದರೆ ಸಿಕ್ಕಿತು. ಬಿಬಿಸಿ 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆ ಶುರು ಮಾಡಿತು. ಹಿಂದಿ, ತಮಿಳು ಮೊದಲೇ ಇದ್ದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ ಅನ್ನಿ.

ಆದ್ದರಿಂದ ಹೊಟ್ಟೆಪಾಡಿಗೆ ಇಂಗ್ಲಿಷಿನಲ್ಲಿ ಬರೆಯಲು ಬರಲೇಬೇಕು. ಕನ್ನಡದಲ್ಲಿ ಚೆನ್ನಾಗಿ ಬರೆಯುವುದು ನಿಮ್ಮ ಹೆಚ್ಚಿನ ಬಲ. ಎರಡೂ ಬರುವವರು ತುಂಬಾ ಜನ ಇಲ್ಲ.

ಇನ್ನು ಓದು. ಪದವಿಯಲ್ಲಿ ಪತ್ರಿಕೋದ್ಯಮ ಮಾಡಿದವರು ಮತ್ತೆ ಎಂ.ಎ.ಗೂ ಅದನ್ನೇ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅವರು ಅಂತರರಾಷ್ಟ್ರೀಯ ಸಂಬಂಧ, ಅರ್ಥಶಾಸ್ತ್ರ, ಇತಿಹಾಸದಂಥ ಯಾವುದಾದರೂ ಒಂದು ವಿಷಯ ಓದಲಿ. ನಿಮ್ಮದು ಉಲ್ಟಾ. ರಾಜ್ಯಶಾಸ್ತ್ರ ಆಗಲೇ ಇದೆ. ನೀವು ಪತ್ರಿಕೋದ್ಯಮಕ್ಕೆ ಹೋಗಬಹುದು. ಹತ್ತಿರ ಅಂದರೆ ಮೈಸೂರಿನ ಮಾನಸಗಂಗೋತ್ರಿ, ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ. ಮಣಿಪಾಲದಲ್ಲಿ ಸಂವಹನವೂ ಇದೆ, ಅಂತರರಾಷ್ಟ್ರೀಯ ಸಂಬಂಧಕ್ಕೆ ಬೇರೆ ವಿಭಾಗವೂ ಇದೆ. ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ ಹೆಸರುವಾಸಿ, ಆದರೆ ಶುಲ್ಕ ಕೇಳಿದರೆ ಒಂದು ವರ್ಷದ ಕಾಳುಮೆಣಸು ಮಾರಬೇಕಾದೀತು. ದೆಹಲಿಯ ಐಐಎಂಸಿ (ಭಾರತೀಯ ಜನಸಂವಹನ ಸಂಸ್ಥೆ) 1965ರಿಂದ ಪತ್ರಕರ್ತರನ್ನು ತಯಾರು ಮಾಡುತ್ತಿದೆ. ದೆಹಲಿಯದೇ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಇನ್ನೂ ಹಳೆಯದು, 1955ರಲ್ಲಿ ಬೇರೆ ಸಂಸ್ಥೆಯಾಗಿ ಶುರುವಾಗಿ ಆಮೇಲೆ ಜೆಎನ್‌ಯು ಜತೆ ಸೇರಿತು. ಅಲ್ಲಿನ ಎಂ.ಎ.ಗೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟು ಸಿಕ್ಕಿದರೆ ಎರಡನೇ ಯೋಚನೆ ಮಾಡದೆ ಹೋಗಿ. ಶುಲ್ಕ ಕಡಿಮೆ, ಅದೇ ಆವರಣದಲ್ಲಿ ಚೀನೀ, ಅರಬ್ಬಿ, ರಷ್ಯನ್ ಕಲಿಸುವ ಭಾಷಾ ಶಾಲೆ ಇದೆ, ಸಂಜೆ ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತವನು ಮಣಿಪುರದವನೋ ನೇಪಾಳದವನೋ ಆಗಿರುತ್ತಾನೆ.

ಆದರೆ ಯಾವ ಕೋರ್ಸಿನಲ್ಲೂ ಸರಿಯಾಗಿ ಕಲಿಸದ ಒಂದು ಕೆಲಸ ಇದೆ. ಸರ್ಕಾರಿ ಕಾಗದ ಓದುವುದು. ಎರಡು ದೇಶದ ನಾಯಕರು ಭೇಟಿಯಾದರೆ ಜಂಟಿ ಹೇಳಿಕೆ ಬರುತ್ತದೆ. ನೋಡಿದರೆ ನಿದ್ದೆ ಬರಬೇಕು, ಹಾಗಿರುತ್ತದೆ. ಹೊಸಬರು ಅದರಲ್ಲಿ ಏನಿದೆ ಅಂತ ನೋಡುತ್ತಾರೆ. ಪಳಗಿದವರು ಹೋದ ಸಲ ಇದ್ದದ್ದು ಈ ಸಲ ಏನಿಲ್ಲ ಅಂತ ಹುಡುಕುತ್ತಾರೆ. 2017ರ ಮೇ ತಿಂಗಳಲ್ಲಿ ಪ್ಯಾಲೆಸ್ಟೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ ದೆಹಲಿಗೆ ಬಂದಿದ್ದರು. ಸ್ವತಂತ್ರ ಪ್ಯಾಲೆಸ್ಟೀನಿಗೆ ಪೂರ್ವ ಜೆರುಸಲೇಂ ರಾಜಧಾನಿ ಅನ್ನುವ ಮಾತನ್ನು ಭಾರತ ಮುಂಚೆ ಹೇಳುತ್ತಿತ್ತು. ಆ ದಿನ ಪ್ರಧಾನಿಯ ಹೇಳಿಕೆಯಲ್ಲಿ ಬೆಂಬಲದ ಮಾತೆಲ್ಲ ಇತ್ತು, ಪೂರ್ವ ಜೆರುಸಲೇಂ ಮಾತ್ರ ಇರಲಿಲ್ಲ. ಸುದ್ದಿ ಇದ್ದದ್ದು ಆ ಇಲ್ಲದ ಎರಡು ಪದದಲ್ಲಿ.

ಇದನ್ನು ಅಭ್ಯಾಸ ಮಾಡಲು ದೆಹಲಿ ಬೇಕಿಲ್ಲ. ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಹೇಳಿಕೆಗಳು, ಬ್ರೀಫಿಂಗಿನ ಪ್ರಶ್ನೋತ್ತರ, ಲೋಕಸಭೆ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ಎಲ್ಲವೂ ಪುಕ್ಕಟೆ ಸಿಗುತ್ತದೆ. ಜುಲೈ ಮಳೆಗೆ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋದ ದಿನ ಬಿಟ್ಟು, ಮಿಕ್ಕ ದಿನ ವಿರಾಜಪೇಟೆಯಲ್ಲೇ ಕೂತು ಓದಿ. ಒಂದು ದೇಶ ಆರಿಸಿಕೊಳ್ಳಿ. ಶ್ರೀಲಂಕಾ ಆಗಲಿ, ವಿಯೆಟ್ನಾಂ ಆಗಲಿ. ಹತ್ತು ವರ್ಷದ ಹೇಳಿಕೆಗಳನ್ನು ಸಾಲಾಗಿ ಇಟ್ಟುಕೊಂಡು ಯಾವ ಪದ ಯಾವಾಗ ಬಂತು, ಯಾವಾಗ ಹೋಯಿತು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಸಂದರ್ಶನಕ್ಕೆ ಹೋದಾಗ ಆ ನೋಟ್‌ಬುಕ್ ತೋರಿಸಿ.

ನಮ್ಮದು ಸಿದ್ದಾಪುರದ ಹತ್ತಿರ ಸಣ್ಣ ತೋಟ. ‘ಕೊಡಗಿನಲ್ಲಿ ಕೂತು ಅಮೆರಿಕ, ರಷ್ಯಾ ಬಗ್ಗೆ ಬರೆಯೋಕೆ ಏನಿದೆ?’ ಅಂತ ಅಪ್ಪ ನಗುತ್ತಾರೆ. ಇಲ್ಲಿದ್ದುಕೊಂಡೇ ಏನಾದರೂ ಶುರು ಮಾಡಬಹುದಾ? — ಸಿದ್ದಾಪುರ

ನಿಮ್ಮಪ್ಪ ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಮೊದಲು ಏನು ನೋಡುತ್ತಾರೆ? ಕಾಫಿ ರೇಟು ಅಲ್ವಾ? ಆ ರೇಟು ಎಲ್ಲಿಂದ ಬರುತ್ತದೆ? ರೋಬಸ್ಟಾದ್ದು ಲಂಡನ್ನಿನಿಂದ, ಅರೇಬಿಕಾದ್ದು ನ್ಯೂಯಾರ್ಕಿನಿಂದ. ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಅಂತ, ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ಸ್ ಅಂತ. ಅದು ನಮ್ಮಲ್ಲಿಗೆ ಬರುವಾಗ 50 ಕೆ.ಜಿ. ಚೀಲದ ಚೆರ್ರಿಗೆ (ಒಣಗಿಸಿದ ಕಾಫಿ ಹಣ್ಣು) ಇಷ್ಟು ರೂಪಾಯಿ ಅಂತಾಗುತ್ತದೆ, ನಡುವೆ ಡಾಲರ್ ಬೆಲೆ, ಹಡಗಿನ ಬಾಡಿಗೆ, ಓಟಿ (ಚೆರ್ರಿಯಿಂದ ಸಿಗುವ ಬೇಳೆಯ ಪ್ರಮಾಣ), ವ್ಯಾಪಾರಿಯ ಕಮಿಷನ್ ಎಲ್ಲ ಕಳೆದು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಒಂದೇ ಜಿಲ್ಲೆಯದು. ಬೆಳೆದದ್ದರಲ್ಲಿ ಜಾಸ್ತಿ ಪಾಲು ಹೊರದೇಶಕ್ಕೆ ಹೋಗುತ್ತದೆ, ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ. ಇಂಥ ಊರಿನವರು ವಿದೇಶ ಸುದ್ದಿ ನಮಗ್ಯಾಕೆ ಅಂದರೆ ನಾನೂ ಸ್ವಲ್ಪ ನಗಬೇಕಾಗುತ್ತದೆ.

ಹಿಂದಿನದ್ದು ಅಪ್ಪನಿಗೇ ನೆನಪಿರುತ್ತದೆ, ಕೇಳಿ ನೋಡಿ. ಆಗೆಲ್ಲ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ (ಎಲ್ಲರ ಕಾಫಿ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆ) ಹಾಕಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. 1991ರಲ್ಲಿ ಆ ದೇಶವೇ ಇಲ್ಲವಾಯಿತು. ಮಾಸ್ಕೋದಲ್ಲಿ ಬಾವುಟ ಇಳಿದದ್ದು ಸಿದ್ದಾಪುರದ ಕಣದಲ್ಲಿ ಒಣಗುತ್ತಿದ್ದ ಕಾಫಿಗೆ ಸಂಬಂಧಪಟ್ಟ ಸುದ್ದಿ ಅಂತ ಆಗ ನಮಗೆ ಎಷ್ಟು ಜನಕ್ಕೆ ಹೊಳೆದಿತ್ತು? ಪೂಲ್ ಪದ್ಧತಿ ಮೆಲ್ಲಗೆ ಸಡಿಲವಾಗಿ 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಾಯಿತು. ಈ ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡ ಸುಟ್ಟುಹೋಯಿತು, ಇಲ್ಲಿ ರೇಟು ಏರಿತು. ಆ ವರ್ಷ ಎಷ್ಟು ಮನೆಗೆ ಹೊಸ ಜೀಪು ಬಂತು ಅನ್ನುವುದನ್ನು ಹಳಬರು ಈಗಲೂ ಹೇಳುತ್ತಾರೆ. 2024ರಲ್ಲಿ ವಿಯೆಟ್ನಾಂನ ಬರದಿಂದ ಲಂಡನ್ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ್ದು ನೀವೇ ಕಂಡಿದ್ದೀರಿ.

ಕೆಂಪು ಸಮುದ್ರ ನೋಡಿ. 2023ರ ಕೊನೆಯಲ್ಲಿ ಯೆಮೆನ್‌ನ ಹೌತಿಗಳು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗಬೇಕಾಯಿತು. ದಿನವೂ ಜಾಸ್ತಿ, ಬಾಡಿಗೆಯೂ ಜಾಸ್ತಿ. ಇದನ್ನು ಇಸ್ರೇಲ್-ಗಾಜಾ ಯುದ್ಧದ ಬಾಲ ಅಂತ ಎಲ್ಲರೂ ಬರೆದರು. ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಿಂತು ಬರೆದವರು ಎಷ್ಟು ಮಂದಿ? ಹಾಗೆಯೇ ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾಡು ನಾಶ ತಡೆ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ತೋಟ ಎಲ್ಲಿದೆ ಅಂತ ನಕ್ಷೆಯ ಗುರುತು ಕೊಡಬೇಕು. ಜಾರಿ ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. ಮೂರು ಎಕರೆಯ ಬೆಳೆಗಾರ ಆ ಗುರುತು ಹೇಗೆ ಕೊಡುತ್ತಾನೆ, ಅಜ್ಜನ ಹೆಸರಿನಲ್ಲೇ ಇರುವ ಜಮ್ಮಾ ಜಾಗಕ್ಕೆ ಯಾರು ಸಹಿ ಹಾಕುತ್ತಾರೆ? ಬ್ರಸೆಲ್ಸ್‌ನಲ್ಲಿ ಕೂತ ವರದಿಗಾರನಿಗೆ ಈ ಪ್ರಶ್ನೆಯೇ ಹೊಳೆಯುವುದಿಲ್ಲ. ನಿಮಗೆ ಹೊಳೆಯುತ್ತದೆ.

ಕಾಳುಮೆಣಸಿನದ್ದೂ ಅದೇ ಕತೆ. 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ವ್ಯಾಪಾರ ಒಪ್ಪಂದ, 2017ರ ಡಿಸೆಂಬರಿನಲ್ಲಿ ಕೇಂದ್ರ ಇಟ್ಟ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗದ ಮೆಣಸು ಹೊರಗಿನಿಂದ ಬರುವಂತಿಲ್ಲ). ಇವೆರಡನ್ನು ಓದಿಕೊಂಡು ಗೋಣಿಕೊಪ್ಪದ ಮಾರುಕಟ್ಟೆಗೆ ಒಂದು ಸುತ್ತು ಹೋಗಿಬನ್ನಿ.

ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಬೈಲುಕುಪ್ಪೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, 1961ರಲ್ಲಿ ಅಲ್ಲಿ ಟಿಬೆಟನ್ನರಿಗೆ ನೆಲೆ ಆಯಿತು. ನಾವು ಅಲ್ಲಿಗೆ ಹೋಗುವುದು ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಳ್ಳಲು, ಆಮೇಲೆ ಮೋಮೊ ತಿನ್ನಲು. 2025ರ ಜುಲೈಯಲ್ಲಿ ದಲೈ ಲಾಮಾ ತಮ್ಮ ಪೀಠ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಟ್ರಸ್ಟಿಗೆ ಮಾತ್ರ ಅಂದರು. ಚೀನಾ, ನಮ್ಮ ಒಪ್ಪಿಗೆ ಬೇಕು ಅಂದಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದ ಸುದ್ದಿ ಅದು. ಆ ನೆಲೆಯೊಳಗೆ ಉಳಿಯಬೇಕಾದರೆ ವಿದೇಶಿ ಪತ್ರಕರ್ತರು ಪರ್ಮಿಟ್ ಮಾಡಿಸಿಕೊಳ್ಳಬೇಕು. ನಿಮಗೆ ಆಟೋ ಸಾಕು. ಅಲ್ಲಿನ ಹಿರಿಯರಲ್ಲಿ ಚೆನ್ನಾಗಿ ಕನ್ನಡ ಮಾತಾಡುವವರಿದ್ದಾರೆ. ಹೊಸ ತಲೆಮಾರು ಕೆನಡಾಕ್ಕೋ ಯುರೋಪಿಗೋ ಹೊರಡುತ್ತಿದೆ, ಮಠಕ್ಕೆ ಸೇರುವ ಹುಡುಗರು ಕಡಿಮೆ ಆಗುತ್ತಿದ್ದಾರೆ ಅನ್ನುವ ಮಾತು ಅಲ್ಲೇ ಕೇಳುತ್ತದೆ. ಹೋಗಿ, ಕೂತು ಕೇಳಿ.

ಇನ್ನೂ ಬೇಕಾ? ಮಡಿಕೇರಿಯ ಸನ್ನಿಸೈಡಿನಲ್ಲಿ ಜನರಲ್ ತಿಮ್ಮಯ್ಯ ಮ್ಯೂಸಿಯಂ ಇದೆ. ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ ಊರಿಗೆ ಮರಳಲು ಒಪ್ಪದ ಕೈದಿಗಳ ವಿಚಾರ ನೋಡಿಕೊಳ್ಳಲು ಮಾಡಿದ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸಿದರು, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಆ ದೇಶ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಕೊರಿಯಾ, ಸೈಪ್ರಸ್ ಎರಡೂ ಇವತ್ತಿಗೂ ಎರಡು ಭಾಗವಾಗಿಯೇ ಉಳಿದಿವೆ. ಬರೆಯುವವರಿಗೆ ಅಲ್ಲೇ ಒಂದು ದೊಡ್ಡ ಲೇಖನ ಕಾಯುತ್ತಿದೆ.

ಸಂಬಳ ಎಷ್ಟು ಬರುತ್ತದೆ? — ಕುಶಾಲನಗರ

ಮೊದಲ ಕೆಲವು ವರ್ಷ, ದೊಡ್ಡ ತೋಟದಲ್ಲಿ ಲೆಕ್ಕ ಬರೆಯುವ ರೈಟರಿಗಿಂತ ಜಾಸ್ತಿ ಸಿಗುತ್ತದೆ ಅಂತ ಎಣಿಸಿಕೊಂಡು ಬರಬೇಡಿ. ರೈಟರಿಗೆ ಮನೆಯಾದರೂ ಕೊಡುತ್ತಾರೆ.

ನನ್ನ ಮಗಳು ಈ ಹುಚ್ಚು ಹಿಡಿಸಿಕೊಂಡಿದ್ದಾಳೆ. ಟಿ.ವಿ.ಯಲ್ಲಿ ಹೆಲ್ಮೆಟ್ ಹಾಕಿಕೊಂಡು ಬಾಂಬು ಬೀಳುವಲ್ಲಿ ನಿಂತಿರುತ್ತಾರಲ್ಲ, ಅದನ್ನು ನೋಡಿದರೆ ನಮಗೆ ಜೀವ ಹೋಗುತ್ತದೆ. ಏನು ಹೇಳಿ ಬಿಡಿಸುವುದು? — ಒಬ್ಬ ತಾಯಿ, ಸೋಮವಾರಪೇಟೆ

ಅಕ್ಕಾ, ಬಿಡಿಸುವ ಉಪಾಯ ನನ್ನಲ್ಲಿಲ್ಲ. ಹೆದರಿಕೆ ಎಲ್ಲಿಗೆ ಬೇಕೋ ಅಲ್ಲಿಗೆ ಮಾತ್ರ ಇಟ್ಟುಕೊಳ್ಳುವ ಹಾಗೆ ಒಂದೆರಡು ಮಾತು ಹೇಳಬಲ್ಲೆ.

ಈ ಕೆಲಸದಲ್ಲಿರುವ ಹೆಚ್ಚಿನವರು ಯುದ್ಧಭೂಮಿ ಕಂಡವರೇ ಅಲ್ಲ. ಕಾರಿಡಾರಿನಲ್ಲಿ ಕಾಯುವುದು, ಫೋನ್ ಎತ್ತದ ಅಧಿಕಾರಿಗೆ ಮತ್ತೆ ಮತ್ತೆ ಫೋನ್ ಮಾಡುವುದು, ರಾತ್ರಿ ನಿದ್ದೆ ಕೆಡುವುದು. ನ್ಯೂಯಾರ್ಕಿನಲ್ಲಿ ಭದ್ರತಾ ಮಂಡಳಿ ಬೆಳಿಗ್ಗೆ 10ಕ್ಕೆ ಕೂತರೆ ನಮಗೆ ರಾತ್ರಿ ಏಳೂವರೆ, ಅಲ್ಲಿ ಚಳಿಗಾಲ ಆದರೆ ಎಂಟೂವರೆ. ಮತದಾನ ಆಗುವಷ್ಟರಲ್ಲಿ ನಮ್ಮ ಜಿಲ್ಲಾ ಆವೃತ್ತಿ ಮುದ್ರಣಕ್ಕೆ ಹೋಗಿರುತ್ತದೆ. ನನ್ನ ಹೊಟ್ಟೆ ಹಾಳಾಗಿದ್ದು ಬಾಂಬಿನಿಂದಲ್ಲ, ರಾತ್ರಿ ಎರಡು ಗಂಟೆಯ ಪರೋಟದಿಂದ.

ಹಾಗಂತ ಅಪಾಯ ಇಲ್ಲ ಅನ್ನುವುದಿಲ್ಲ. ರಾಯಿಟರ್ಸ್‌ನ ಛಾಯಾಗ್ರಾಹಕ ಡ್ಯಾನಿಶ್ ಸಿದ್ದೀಕಿ 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಕೊಲ್ಲಲ್ಪಟ್ಟರು. ಪುಲಿಟ್ಜರ್ ಬಂದ ತಂಡದಲ್ಲಿದ್ದವರು, ಅನುಭವ ಇದ್ದವರು, ಹಿಂದೆ ದೊಡ್ಡ ಸಂಸ್ಥೆ ಇತ್ತು. ಆದರೂ ಆಯಿತು.

ನಮ್ಮ ಜಿಲ್ಲೆಯಲ್ಲಿ ಮಕ್ಕಳನ್ನು ಸೈನ್ಯಕ್ಕೆ ಕಳಿಸಿ ರೂಢಿ ಇದೆ. ಸೈನಿಕನ ಹಿಂದೆ ರೆಜಿಮೆಂಟ್ ಇರುತ್ತದೆ, ಆಸ್ಪತ್ರೆ, ಪೆನ್ಷನ್ ಇರುತ್ತದೆ. ಬಿಡಿ (ಫ್ರೀಲಾನ್ಸ್) ವರದಿಗಾರ್ತಿಯ ಹಿಂದೆ ಯಾರಿರುತ್ತಾರೆ? ಮಗಳ ಹತ್ತಿರ ಕೇಳಬೇಕಾದ್ದು ಇದನ್ನು. ಕಳಿಸುವ ಸಂಸ್ಥೆ ವಿಮೆ ಮಾಡಿಸಿದೆಯಾ, ಅಪಾಯದ ಜಾಗದಲ್ಲಿ ಕೆಲಸ ಮಾಡುವ ತರಬೇತಿ ಕೊಟ್ಟಿದೆಯಾ, ಗಾಯವಾದರೆ ಯಾರು ಕರೆತರುತ್ತಾರೆ, ಇದೆಲ್ಲ ಕಾಗದದಲ್ಲಿ ಇದೆಯಾ? ಇಲ್ಲ ಅಂದರೆ ಹೋಗುವುದು ಬೇಡ ಅಂತ ಗಟ್ಟಿಯಾಗಿ ಹೇಳಿ. ನಾನೂ ಹಾಗೇ ಹೇಳುತ್ತೇನೆ. ಇದೆ ಅಂದರೆ ನಿಮಗೆ ಬಿಟ್ಟದ್ದು. ಮೊದಲು ಅವಳು ಡಿಗ್ರಿ ಮುಗಿಸಲಿ, ಅಲ್ವಾ?

ಮಡಿಕೇರಿಯ ಸ್ಥಳೀಯ ಪತ್ರಿಕೆಯಲ್ಲಿ ಮೂರು ವರ್ಷದಿಂದ ವರದಿಗಾರ. ಇಂಗ್ಲಿಷ್ ಅಷ್ಟಕ್ಕಷ್ಟೆ. ಈಗ ಎಐ ಅನುವಾದ ಮಾಡುತ್ತದಲ್ಲ, ಇನ್ನು ವಿದೇಶ ಡೆಸ್ಕಿಗೆ ಮನುಷ್ಯರು ಬೇಕಾ? — ನಾಪೋಕ್ಲು

ಬೇಕು, ಆದರೆ ಕಡಿಮೆ ಮಂದಿ. ಸುಮ್ನೆ ಸಮಾಧಾನಕ್ಕೆ ಬೇರೆ ಹೇಳುವುದಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಡೆಸ್ಕಿಗೆ ಹೊಸಬನಾಗಿದ್ದಾಗ ಅಮೆರಿಕದ ಸಂಸ್ಥೆಯೊಂದರ ಕಾಪಿ ಬಂತು. ನಿರ್ಣಯವನ್ನು ‘ಟೇಬಲ್’ ಮಾಡಲಾಯಿತು ಅಂತಿತ್ತು. ನಮ್ಮ ವಿಧಾನಸಭೆಯಲ್ಲಿ ಟೇಬಲ್ ಮಾಡುವುದು ಅಂದರೆ ಮಂಡಿಸುವುದು. ನಾನು ‘ನಿರ್ಣಯ ಮಂಡನೆ’ ಅಂತ ಮೂರು ಕಾಲಂ ತಲೆಬರಹ ಕೊಟ್ಟೆ. ಅಮೆರಿಕದವರ ಬಾಯಲ್ಲಿ ಆ ಪದಕ್ಕೆ ಅರ್ಥ ಪೂರ್ತಿ ಉಲ್ಟಾ, ಬದಿಗೆ ಸರಿಸುವುದು ಅಂತ. ಮಾರನೇ ದಿನ ಸುದ್ದಿ ಸಂಪಾದಕರು ಏನೂ ಬೈಯಲಿಲ್ಲ, ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟುಹೋದರು. ಟೇಬಲ್ ಮಾಡುವುದು ಅಂದರೆ ಏನು ಅಂತ ಅವತ್ತು ಸರಿಯಾಗಿ ಗೊತ್ತಾಯಿತು! ‘ಸ್ಯಾಂಕ್ಷನ್’ ಕೂಡ ಹಾಗೇ. ತಾಲ್ಲೂಕು ಕಚೇರಿಯಲ್ಲಿ ಅದು ಮಂಜೂರಾತಿ, ರಷ್ಯಾ ಇರಾನ್ ಸುದ್ದಿಯಲ್ಲಿ ನಿರ್ಬಂಧ. ಒಂದು ಬಿಲಿಯನ್ ಅಂದರೆ 100 ಕೋಟಿ, ಅಲ್ಲಿ ಒಂದು ಸೊನ್ನೆ ತಪ್ಪಿದರೆ ಮುಗಿಯಿತು. ಕಾಮನ್‌ವೆಲ್ತ್ ದೇಶಗಳು ಒಂದಕ್ಕೊಂದು ಕಳಿಸುವುದು ಹೈಕಮಿಷನರ್, ಮಿಕ್ಕವರಿಗೆ ರಾಯಭಾರಿ. ಜನರಲ್ ಕಾರ್ಯಪ್ಪನವರು 1953ರಿಂದ ಆಸ್ಟ್ರೇಲಿಯಾದಲ್ಲಿ ಭಾರತದ ಹೈಕಮಿಷನರ್ ಆಗಿದ್ದರು, ರಾಯಭಾರಿ ಅಂತ ಬರೆದರೆ ತಪ್ಪು. ಪಾಕಿಸ್ತಾನದ ಕಡೆಯದು ಗಡಿ ನಿಯಂತ್ರಣ ರೇಖೆ, ಚೀನಾ ಕಡೆಯದು ವಾಸ್ತವ ನಿಯಂತ್ರಣ ರೇಖೆ. ಯಂತ್ರ ಇವನ್ನು ಕೆಲವು ಸಲ ಸರಿ ಮಾಡುತ್ತದೆ, ಕೆಲವು ಸಲ ಮಾಡುವುದಿಲ್ಲ. ಯಾವಾಗ ಮಾಡಿಲ್ಲ ಅಂತ ಹಿಡಿಯುವವರಿಗೆ ಕೆಲಸ ಇರುತ್ತದೆ.

ನಿಮ್ಮ ಮೂರು ವರ್ಷ ಬಿಡಬೇಡಿ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ (ಪಿಐಬಿ) ಕೊಡುವ ಮಾನ್ಯತೆ ಕಾರ್ಡಿಗೆ ಪೂರ್ಣಾವಧಿ ಪತ್ರಕರ್ತರಾಗಿ ಕನಿಷ್ಠ 5 ವರ್ಷದ ಅನುಭವ ಕೇಳುತ್ತಾರೆ. ನೇಮಕಾತಿ ಪತ್ರ, ಸಂಬಳದ ಚೀಟಿ ಜೋಪಾನ ಮಾಡಿ. ಎಷ್ಟೋ ಹುಡುಗರು ಅದಿಲ್ಲದೆ ಒದ್ದಾಡುತ್ತಾರೆ. ಫೆಲೋಶಿಪ್‌ಗಳ ಕಡೆ ಕಣ್ಣಿರಲಿ. ಡ್ಯಾಗ್ ಹ್ಯಾಮರ್‌ಷೋಲ್ಡ್ ನಿಧಿ ಅಂತ ಇದೆ, ಅಭಿವೃದ್ಧಿಶೀಲ ದೇಶಗಳ ಯುವ ಪತ್ರಕರ್ತರನ್ನು ವಿಶ್ವಸಂಸ್ಥೆಯ ಮಹಾಸಭೆ ವರದಿ ಮಾಡಲು ನ್ಯೂಯಾರ್ಕಿಗೆ ಕರೆಸಿಕೊಳ್ಳುತ್ತದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಫೆಲೋಶಿಪ್‌ನಲ್ಲಿ ದಕ್ಷಿಣ ಏಷ್ಯಾ ಪತ್ರಕರ್ತರಿಗೇ ಬೇರೆ ಕಾರ್ಯಕ್ರಮ ಇದೆ. ಅರ್ಜಿ ಜತೆ ನೀವು ಬರೆದದ್ದನ್ನು ಕಳಿಸಬೇಕಾಗುತ್ತದೆ, ಅದಕ್ಕೇ ಮೇಲೆ ಕಾಫಿ, ಬೈಲುಕುಪ್ಪೆ ಅಂತ ಅಷ್ಟು ಉದ್ದ ಹೇಳಿದ್ದು. ಹೊರದೇಶಕ್ಕೆ ಸ್ವಂತ ಖರ್ಚಿನಲ್ಲಿ ಹೊರಟರೆ ಟೂರಿಸ್ಟ್ ವೀಸಾದಲ್ಲಿ ಹೋಗಿ ವರದಿ ಮಾಡುವ ಜಾಣತನ ಬೇಡ. ಅಮೆರಿಕಕ್ಕೆ ‘ಐ’ ವೀಸಾ, ಚೀನಾಕ್ಕೆ ‘ಜೆ’ ವೀಸಾ, ಪತ್ರಕರ್ತರಿಗೆ ಅಂತಲೇ ಬೇರೆ ಇದೆ. ಸಿಕ್ಕಿಬಿದ್ದರೆ ನಿಮ್ಮ ಜತೆ, ನಿಮಗೆ ಸಹಾಯ ಮಾಡಿದ ಅಲ್ಲಿನ ಮನುಷ್ಯನೂ ಒಳಗೆ ಹೋಗುತ್ತಾನೆ.

ಇಂಗ್ಲಿಷಿಗೆ ಔಷಧಿ ಒಂದೇ. ದಿನಕ್ಕೊಂದು ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತನ್ನಿ, ಮಾರನೇ ದಿನ ಮೂಲ ನೋಡದೆ ವಾಪಸ್ ಇಂಗ್ಲಿಷಿಗೆ ಬರೆಯಿರಿ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮೊದಲ ತಿಂಗಳು ಬೇಜಾರಾಗುತ್ತದೆ.

ಪತ್ರಿಕೆ ಬಿಟ್ಟು ನಾನೇ ಯೂಟ್ಯೂಬ್ ಚಾನೆಲ್ ಮಾಡಿ ವಿದೇಶ ವಿಷಯ ಹೇಳಿದರೆ? — ಪೊನ್ನಂಪೇಟೆ

ಮಾಡಿ. ಆದರೆ ಮೂರನೇ ಮಹಾಯುದ್ಧ ವಾರಕ್ಕೆರಡು ಸಲ ಶುರು ಮಾಡಬೇಡಿ.

ಮನೆಯಲ್ಲಿ ಕೊಡವ ತಕ್ಕ್, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ. ಇನ್ನೊಂದು ಭಾಷೆ ಕಲಿಯುವುದಾದರೆ ಯಾವುದು ಅಂಕಲ್? — ಪಿಯುಸಿ ವಿದ್ಯಾರ್ಥಿ, ಗೋಣಿಕೊಪ್ಪ

ನಾಲ್ಕು ಭಾಷೆ ಆಗಲೇ ಇದೆಯಲ್ಲ ಮಾರಾಯ, ಐದನೆಯದು ನಿನಗೆ ಕಷ್ಟ ಆಗುವುದಿಲ್ಲ. ಜನ ಫ್ರೆಂಚ್, ಜರ್ಮನ್ ಕಡೆ ಓಡುತ್ತಾರೆ, ಯಾಕೆಂದರೆ ಬೆಂಗಳೂರಿನಲ್ಲಿ ಆಲಿಯಾನ್ಸ್ ಫ್ರಾನ್ಸೇಸ್, ಮ್ಯಾಕ್ಸ್ ಮುಲ್ಲರ್ ಭವನ ಇವೆ, ಕಲಿಯುವುದು ಸುಲಭ. ನನ್ನನ್ನು ಕೇಳಿದರೆ ಚೀನೀ ಅಥವಾ ಅರಬ್ಬಿ. ನಮ್ಮ ಪಕ್ಕದ ದೇಶ ಚೀನಾ, ಅಲ್ಲಿನ ಪತ್ರಿಕೆ ಓದಲು ಬರುವ ಕನ್ನಡ ಪತ್ರಕರ್ತ ನನ್ನ ಡೆಸ್ಕಿನಲ್ಲಿ ಒಬ್ಬನೂ ಇರಲಿಲ್ಲ. ಕೊಲ್ಲಿ ದೇಶಗಳಲ್ಲಿ ನಮ್ಮ ಜಿಲ್ಲೆಯವರೇ ಎಷ್ಟೋ ಜನ ದುಡಿಯುತ್ತಿದ್ದಾರೆ, ಅಲ್ಲಿನ ಕಾರ್ಮಿಕ ಕಾನೂನು ಬದಲಾದರೆ ಅದನ್ನು ಮೂಲದಲ್ಲೇ ಓದಿ ಹೇಳುವವರು ಬೇಕು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ (ಇಎಫ್‌ಎಲ್‌ಯು) ಅರಬ್ಬಿಯಲ್ಲಿ ಪದವಿಯನ್ನೇ ಮಾಡಬಹುದು. ಹಾಸ್ಟೆಲ್ಲಿಗೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ ಅಂದರೆ, ರಜೆಯಲ್ಲಿ ಬೈಲುಕುಪ್ಪೆಗೆ ಹೋಗಿ ಟಿಬೆಟನ್ ಅಕ್ಷರ ಕಲಿ. ಅಲ್ಲಿ ಹೇಳಿಕೊಡುವವರು ಸಿಗುತ್ತಾರೆ. ಯಾವುದೇ ಭಾಷೆಯಾಗಲಿ, ಒಂದು ವರ್ಷ ಕಲಿತ ಮೇಲೂ ಪತ್ರಿಕೆಯ ತಲೆಬರಹ ಓದಲು ಬರದಿದ್ದರೆ ಮೇಷ್ಟ್ರನ್ನು ಬದಲಾಯಿಸು.

(ಶನಿವಾರಸಂತೆಯಿಂದ ಬಂದ ಶುಂಠಿ ಕೊಳೆರೋಗದ ಪ್ರಶ್ನೆ, ಭಾಗಮಂಡಲದ ಜೇನುಪೆಟ್ಟಿಗೆ ಪ್ರಶ್ನೆ ಮುಂದಿನ ಸಂಚಿಕೆಗೆ. ಮರೆತಿಲ್ಲ.)